ಸುಂಕದ ಮಾತು ಕಲಿಸಿದ ದೆಹಲಿ ಮೇಡಂ

ಮಾತಿನ ನಡುವೆ ಯಾರಾದರೂ ದನಿ ಏರಿಸಿದರೆ ಮೇಡಂ ಬಲಗೈ ಮೆಲ್ಲಗೆ ಬಂದು ಮೇಜಿನ ಮೇಲೆ ಕೂರುತ್ತಿತ್ತು. ಉದ್ದನೆಯ ಬೆರಳುಗಳು, ಒಂದೂ ಅಲುಗುತ್ತಿರಲಿಲ್ಲ. ಎದುರಿನವರು ಮುಗಿಸುವವರೆಗೆ ಕಾದು, ತಾವು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಇದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ.

"ಓಕಳಿಪುರದಲ್ಲಿ. ನಮ್ಮನೆ ಹಿಂದೇನೇ ರೈಲು ಹಳಿ. ಗಾಡಿ ಬಂದ್ರೆ ಯಾರ ಮಾತೂ ಕೇಳಿಸ್ತಿರ್ಲಿಲ್ಲ. ಹೋಗೋವರೆಗೂ ಸುಮ್ನಿದ್ದು ಆಮೇಲೆ ಮುಂದುವರಿಸ್ತಿದ್ವಿ" ಎಂದು ನಕ್ಕಿದ್ದರು.

ಹನುಮಂತನಗರದ ನಮ್ಮ ಬೀದಿಗೆಲ್ಲ ಅವರು ದೆಹಲಿ ಮೇಡಂ. ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿ, ಬೇರೆ ದೇಶಗಳ ಜೊತೆ ವ್ಯಾಪಾರದ ಮಾತುಕತೆಗೆ ಕೂರುವ ತಂಡಗಳಲ್ಲಿ ವರ್ಷಗಟ್ಟಲೆ ದುಡಿದು, ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಗೆ ಬಂದಿದ್ದರು. ಅವರ ಅಪ್ಪ ರೈಲ್ವೆಯಲ್ಲಿ ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮನ್. ಬೌದ್ಧ ಕುಟುಂಬ, ಓದಿ ಆಫೀಸು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲು. ಆ ಮನೆಯ ಹುಡುಗಿ ದೇಶದ ಪರವಾಗಿ ಮಾತಾಡಲು ಕೂತಳಲ್ಲ ಎಂದು ನಾನು ಹಿಗ್ಗಿದರೆ, "ಅದು ಕೆಲಸ ಕಣೆ" ಎಂದು ಮಾತು ಬದಲಿಸುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಅವರೇ ಹೇಳಿದ್ದರು. ಯಾವುದೋ ದೇಶದವರು, ಹಾಲಿನ ಪದಾರ್ಥಗಳ ಮೇಲಿನ ಸುಂಕವನ್ನು ಇಬ್ಬರೂ ಸಮನಾಗಿ ಇಳಿಸೋಣ ಎಂದರಂತೆ. ನಮ್ಮ ತಂಡದಲ್ಲೂ ಕೆಲವರಿಗೆ ಅದು ನ್ಯಾಯವೆನಿಸಿತು. ಇವರು ಒಪ್ಪಲಿಲ್ಲ. "ಅವ್ರ ಕಡೆ ಪೆಟ್ಟು ಬೀಳೋದು ನಾಲ್ಕು ದೊಡ್ಡ ಕಂಪನಿಗೆ. ನಮ್ಮ ಕಡೆ, ಒಂದು ಹಸು ಕಟ್ಕೊಂಡಿರೋ ಮನೆಮನೆಗೂ. ಇದು ಸಮ ಹೇಗಾಗತ್ತೆ?" ಹಟಮಾರಿ ಅನ್ನಿಸಿಕೊಂಡರು. ಆದರೆ ಹಾಲನ್ನು ಆ ಒಪ್ಪಂದದಿಂದ ಹೊರಗಿಡಿಸಿಯೇ ಎದ್ದರು.

ನನ್ನದು ಚಾಮರಾಜಪೇಟೆಯಲ್ಲಿ ಒಂದು ಪುಟ್ಟ ಗಾರ್ಮೆಂಟ್ಸ್. ಅಲ್ಲಿಯ ಹೆಂಗಸರು ಮಕ್ಕಳ ಫ್ರಾಕುಗಳಿಗೆ ಕೈಯಲ್ಲೇ ಕಸೂತಿ ಹಾಕುತ್ತಾರೆ; ಹೆಚ್ಚಿನವು ಅಮೆರಿಕದ ಒಂದೇ ಕಂಪನಿಗೆ ಹೋಗುತ್ತವೆ. ನೀವು ನಮ್ಮ ಸರಕಿಗೆ ಸುಂಕ ಹಾಕಿದರೆ ನಾವೂ ನಿಮ್ಮದಕ್ಕೆ ಹಾಕುತ್ತೇವೆ ಎಂದು ಅಮೆರಿಕ ಪ್ರತಿಸುಂಕ ಹೇರಿದಾಗ, ನಮ್ಮಲ್ಲಿ ಕ್ರಿಸ್‌ಮಸ್ ಆರ್ಡರಿನ ಬಟ್ಟೆ ಆಗಲೇ ಕತ್ತರಿಸಿ ಆಗಿತ್ತು. ಏರಿದ ಸುಂಕದಷ್ಟನ್ನೂ ನಿಮ್ಮ ದರದಲ್ಲಿ ಇಳಿಸಿ, ಇಲ್ಲವಾದರೆ ಆರ್ಡರ್ ರದ್ದು ಎಂದು ಆ ಕಂಪನಿಯ ಮ್ಯಾನೇಜರಮ್ಮ ಹೇಳಿಬಿಟ್ಟರು. ಒಪ್ಪಿದರೆ ಹೆಂಗಸರ ಕೂಲಿಗೆ ಕತ್ತರಿ. ಒಪ್ಪದಿದ್ದರೆ ಬಾಗಿಲು ಹಾಕಬೇಕು.

"ಒಪ್ಕೊಂಡ್ಬಿಡ್ತೀನಿ ಮೇಡಂ" ಎಂದೆ, ಕಾಂಪೌಂಡಿನ ಈಚೆ ನಿಂತು.

"ಇರು. ಆ ಕಸೂತಿ ಬೇರೆ ಯಾರು ಮಾಡ್ಕೊಡ್ತಾರೆ ಅವ್ರಿಗೆ?"

"ಮಾಡೋರಿದಾರೆ. ಆದ್ರೆ ಈಗ ಹೊಸಬ್ರಿಗೆ ಕೊಟ್ರೆ ಹಬ್ಬದೊಳಗೆ ತಲುಪಲ್ಲ."

"ತಲುಪ್ಲಿಲ್ಲ ಅಂದ್ರೆ ಆ ಮ್ಯಾನೇಜರ್ ಗತಿ ಏನು?"

ನನಗೆ ಅದು ಹೊಳೆದೇ ಇರಲಿಲ್ಲ.

"ಹೆದರಿಕೆ ನಿನ್ನೊಬ್ಬಳದೇ ಅಲ್ಲ, ತಿಳ್ಕೋ. ಅರ್ಧ ನಾವು, ಅರ್ಧ ನೀವು ಅನ್ನು. ಅವ್ಳು ಒಪ್ಪಿದ ತಕ್ಷಣ ಥ್ಯಾಂಕ್ಸ್ ಹೇಳಿ ಎದ್ಬಿಡ್ಬೇಡ. ಸುಂಕ ಇಳಿದ ದಿನ ಹಳೇ ದರ ವಾಪಸ್ ಬರ್ಬೇಕು ಅಂತ ಕೇಳು. ದೇಶಗಳು ಜಗಳ ಆಡ್ತಾವೆ, ಆಮೇಲೆ ಕೂತು ಮಾತಾಡ್ತಾವೆ. ಸುಂಕ ಹೀಗೇ ಇರಲ್ಲ."

ಮರುದಿನ ಬೆಳಿಗ್ಗೆ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮೇಡಂ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿದ್ದರು. ಅರ್ಧರ್ಧ ಎಂದೊಡನೆ ಮ್ಯಾನೇಜರಮ್ಮ ಸಾಧ್ಯವೇ ಇಲ್ಲ ಎಂದು ಸುಮ್ಮನಾದರು. ಆ ಮೌನ ತಡೆಯಲಾರದೆ ಇನ್ನಷ್ಟು ಬಿಟ್ಟುಕೊಡಲು ಬಾಯಿ ತೆರೆದೆ. ಮೇಡಂ ಕೈ ನನ್ನ ಮುಂಗೈ ಮೇಲೆ ಬಂದು ಕೂತಿತು. ಫ್ಯಾನಿನ ಸದ್ದೊಂದೇ. ಎಷ್ಟೋ ಹೊತ್ತೆನಿಸಿದ ಮೇಲೆ ಆ ಕಡೆಯಿಂದ ನಿಟ್ಟುಸಿರು ಕೇಳಿತು. ಸರಿ, ಅರ್ಧ ನಾವು ಹೊರುತ್ತೇವೆ ಎಂದರು. ಥ್ಯಾಂಕ್ಸ್ ಹೇಳದೆ ಹಳೆಯ ದರದ ಮಾತೆತ್ತಿದೆ. ಅದಕ್ಕೂ ಒಪ್ಪಿದರು.

ಲ್ಯಾಪ್‌ಟಾಪ್ ಮುಚ್ಚಿದೆ. ಮೇಡಂ, "ಚೆನ್ನಾಗ್ ಮಾತಾಡ್ದೆ. ಕಾಫಿ ಕೊಡ್ತೀಯಾ?" ಎಂದರು.

ನಮ್ಮ ಪಾಲಿನ ಅರ್ಧ ನನ್ನ ಲಾಭದಲ್ಲಿ ಹೋಯಿತು. ಹೆಂಗಸರ ಕೂಲಿಗೆ ಕೈ ಹಾಕಲಿಲ್ಲ. ನಡೆದದ್ದನ್ನು ಹೆಂಗಸರಿಗೆಲ್ಲ ಹೇಳಿದೆ. ಮೇಡಂ ಅವರನ್ನೊಮ್ಮೆ ಕರ್ಕೊಂಡು ಬನ್ನಿ ಎಂದು ಪಟ್ಟು ಹಿಡಿದರು. "ಬರ್ತೀನಿ, ಕಸೂತಿ ನೋಡ್ಬೇಕು" ಎಂದಿದ್ದರು ಮೇಡಂ. ಬರಲಾಗಲಿಲ್ಲ. ಆ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಹೃದಯ ನಿಂತುಹೋಯಿತು. ಆಮೇಲೆ ದೇಶಗಳು ಕೂತು ಮಾತಾಡಿದವು, ಸುಂಕ ಇಳಿಯಿತು, ನಮ್ಮ ಹಳೆಯ ದರವೂ ಬಂತು. ಅದನ್ನು ಹೇಳಲು ಪಕ್ಕದ ಮನೆಯಲ್ಲಿ ಅವರಿರಲಿಲ್ಲ.

ಅವರು ಹೋದ ದಿನ ಸುದ್ದಿ ತಿಳಿದು, ಯಾರೂ ಕರೆಯದೆಯೇ ನಮ್ಮ ಹೆಂಗಸರು ಕೆಲಸ ನಿಲ್ಲಿಸಿ ಹನುಮಂತನಗರಕ್ಕೆ ಬಂದರು. ಒಳಗೆ ಭಿಕ್ಷುಗಳ ಪಠಣ ನಡೆದಿತ್ತು. ಗೇಟಿನ ಹೊರಗೆ, ಚಪ್ಪಲಿ ಬಿಟ್ಟು, ಸೆರಗು ಹೊದ್ದು ಸುಮ್ಮನೆ ನಿಂತರು. ಮೇಡಂ ಅವರ ತಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಇವ್ರೆಲ್ಲ ಯಾರಮ್ಮ?"

"ನಿಮ್ಮಕ್ಕ ಕೊನೇ ಸಲ ಮಾತುಕತೆಗೆ ಕೂತಿದ್ದು ಇವ್ರ ಪರವಾಗಿ" ಎಂದೆ.

ಅವರು ಹೋಗಿ ಗೇಟನ್ನು ಪೂರ್ತಿ ತೆರೆದು, ಅಷ್ಟೂ ಜನರನ್ನು ಒಳಗೆ ಕರೆದರು.