ಬ್ಯಾರನ್ನಿನ ಮೂಲಾರ್ಥ

ಹೊಗೆಸೊಪ್ಪು ಹದಮಾಡುವ ಹೊಸ ಬ್ಯಾರನ್ನಿನ ಗೋಡೆ ಬಿರುಕು ಬಿಡಬಹುದಿತ್ತು. ಒಳಗೆ ಬೆಂಕಿಯ ಕಾವು ಹಾಯುವ ತಗಡಿನ ಕೊಳವೆ ತೂತಾಗಿ, ಕಿಡಿ ಹಾರಿ, ತೂಗುಹಾಕಿದ ಸೊಪ್ಪೆಲ್ಲ ಉರಿದುಹೋಗಬಹುದಿತ್ತು. ಮಳೆ ಬಂದು ಸೌದೆ ನೆನೆಯಬಹುದಿತ್ತು. ಮಾತಿಗೆ ನಿಂತಾಗ ನನ್ನ ಪಂಚೆ ಸಡಿಲವಾಗಬಹುದಿತ್ತು. ನನ್ನ ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಬೆಂಕಿ ಹಚ್ಚುವ ಪೂಜೆಯಲ್ಲಿ ನಾಲ್ಕು ಮಾತಾಡಲು ನನ್ನ ಬದಲು ಅವರನ್ನು ಕರೆಯಬಹುದಿತ್ತು.

ಅವರು ಅಂದರೆ ಕೆ.ಆರ್. ನಗರದ ಕಡೆಯಿಂದ, ನಾನು ಮೇಷ್ಟ್ರಾಗಿದ್ದ ಶಾಲೆಗೆ ಬಂದ ಎಳೆಯ ಇಂಗ್ಲಿಷ್ ಮೇಷ್ಟ್ರು. ಅಲ್ಲಿಯತನಕ ಹನಗೋಡಿನ ಪಕ್ಕದ ನಮ್ಮೂರಿಗೆ ಬಂದ ಟೆಲಿಗ್ರಾಂ, ಗೊಬ್ಬರದ ಚೀಲದ ಚೀಟಿ, ಇಂಗ್ಲಿಷಿನದು ಏನೇ ಇದ್ದರೂ ನನ್ನ ಜಗಲಿಗೇ ಬರುತ್ತಿತ್ತು. ನಲವತ್ತೈದರ ನನಗಿದ್ದ ದೊಡ್ಡಸ್ತಿಕೆ ಅದೊಂದೇ. ಈಗ ಜನ ನನ್ನ ಮನೆ ದಾಟಿ ಅವರ ಮನೆಗೆ ಹೋಗುತ್ತಿದ್ದರು. ಹೋಗುವಾಗ ನನಗೊಂದು ನಮಸ್ಕಾರ ಹಾಕುತ್ತಿದ್ದರು. ಅದು ಇನ್ನಷ್ಟು ಉರಿಸುತ್ತಿತ್ತು.

ಎಪ್ಪತ್ತರ ದಶಕದ ಆರಂಭ. ಊರಿನ ಮೊದಲ ಬ್ಯಾರನ್ನು ಕಟ್ಟಿಸಿದ ನೆರೆಮನೆಯವನು ಪೂಜೆಗೆ ನಮ್ಮಿಬ್ಬರನ್ನೂ ಕರೆದ. ನಾನು ಶಾಲೆಯಲ್ಲಿದ್ದ ಒಂದೇ ದಪ್ಪ ಡಿಕ್ಷನರಿಯನ್ನು ಮೂರು ದಿನ ಮುಂಚೆಯೇ ಮನೆಗೆ ಸಾಗಿಸಿದೆ. ಓದಲಿಕ್ಕೆ ಅರ್ಧ, ಅವರಿಗೆ ಸಿಗದಿರಲಿ ಅಂತ ಅರ್ಧ.

ಕಾಯಿ ಒಡೆದ ಮೇಲೆ ನನ್ನನ್ನೇ ಕರೆದರು. "ಬ್ಯಾರನ್ ಅನ್ನೋದು ಇಂಗ್ಲಿಷರ ಹಳೇ ಕಾಲದ ಎರಡು ಮಾತು ಕೂಡಿ ಆದ ಪದ," ಎಂದೆ. "ಬಾರ್ಲಿ ಒಂದು, ಮನೆ ಒಂದು. ಬಾರ್ಲಿ ತುಂಬುವ ಮನೆ. ಆಮೇಲೆ ಯಾವ ಕಾಳು ತುಂಬಿದರೂ, ಹುಲ್ಲು ತುಂಬಿದರೂ, ದನ ಕಟ್ಟಿದರೂ ಅದೇ ಹೆಸರಾಯಿತು. ಮೂಲದಲ್ಲಿ ಮಾತ್ರ ಇದು ಧಾನ್ಯಲಕ್ಷ್ಮಿಯ ಮನೆ."

ಧಾನ್ಯಲಕ್ಷ್ಮಿ ಡಿಕ್ಷನರಿಯಲ್ಲಿ ಇರಲಿಲ್ಲ.

"ನಂಗಿದು ಗೊತ್ತೇ ಇರ್ಲಿಲ್ಲ ಸಾರ್," ಅಂದರು ಎಳೆಯ ಮೇಷ್ಟ್ರು. ಅವರ ಒಳ್ಳೆಯತನವನ್ನೂ ನನಗೆ ಸಹಿಸಲಾಗಲಿಲ್ಲ.

ಆರನೆಯ ದಿನ ಬಾಗಿಲು ತೆಗೆಯುವಾಗ ಇಬ್ಬರೂ ಹೋಗಿದ್ದೆವು. ಗೋಡೆ ನೆಟ್ಟಗಿತ್ತು, ಎಲೆ ಹೊಂಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಮಾತ್ರ ಒಂದು ಮೊರ ರಾಗಿ. ನೆರೆಮನೆಯವನ ತಾಯಿ ನನ್ನ ಮಾತು ನಂಬಿ, ಕಾಳಿನ ಮನೆಗೆ ಮೊದಲು ಕಾಳೇ ಹೋಗಲೆಂದು, ಪೂಜೆಯ ದಿನ ಬಾಗಿಲು ಮುಚ್ಚುವ ಮುಂಚೆ ಬಿತ್ತನೆ ರಾಗಿ ಇಟ್ಟುಬಿಟ್ಟಿದ್ದರು.

"ಕಾವ್ಗೆ ಉರ್ದೋಗದೆ, ಇದಿನ್ನು ಮೊಳ್ಯಾಕಿಲ್ಲ ಕಣವ್ವ," ಅಂದ ಮಗ.

"ಮೇಷ್ಟ್ರು ಯೋಳಿದ್ದು ಸುಳ್ಳಾದದೇನ್ಲಾ? ಅವ್ರ ಪುಸ್ತಕದ ಬ್ಯಾರನ್ಗೆ ಬೆಂಕಿ ಆಕಾಕಿಲ್ಲ ಅಂತ ಕಾಣ್ತದೆ. ಉರಿಟ್ಟು ಮಾಡ್ಕಂಡ್ರಾಯ್ತು, ಬುಡು."

ಬೈದಿದ್ದರೆ ವಾಸಿಯಿತ್ತು. ಮಗ ಅಂಗಿಯ ಜೇಬಿನಿಂದ ಅಂದೇ ಬಂದಿದ್ದ ಇಂಗ್ಲಿಷ್ ಕಾಗದವೊಂದನ್ನು ತೆಗೆದ. ನಾನು ಕನ್ನಡಕ ಏರಿಸಿ ಕೈ ಚಾಚಿದೆ. ಅವನು ಅದನ್ನು ಎಳೆಯ ಮೇಷ್ಟ್ರ ಕೈಗೆ ಕೊಟ್ಟ.