ಹನ್ನೆರಡರೊಳಗೆ ಒಂದು ತಕರಾರು

ಹನ್ನೆರಡಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಮಾಲ್ಟಾದ ಕಚೇರಿಯಲ್ಲಿ ಪಾವ್ಲಾ ಝಾಹ್ರಾ ಟೈಪು ಮಾಡಿದ್ದ ಒಂದೇ ಸಾಲು ಪರದೆಯ ಮೇಲೆ ಕಾದಿತ್ತು: ಈ ಕರಡಿಗೆ ಮಾಲ್ಟಾದ ಒಪ್ಪಿಗೆ ಇಲ್ಲ.

ಬ್ರಸೆಲ್ಸ್‌ನಲ್ಲಿ ಒಂದು ಪದ್ಧತಿಯಿದೆ. ಕರಡು ಐರೋಪ್ಯ ಒಕ್ಕೂಟದ ಇಪ್ಪತ್ತೇಳು ದೇಶಗಳಿಗೂ ಹೋಗುತ್ತದೆ. ಹೇಳಿದ ಗಂಟೆಯೊಳಗೆ ಯಾರೂ ತಕರಾರು ಬರೆಯದಿದ್ದರೆ ಎಲ್ಲರೂ ಒಪ್ಪಿದಂತೆ. ಮತಕ್ಕೆ ಹಾಕಿದರೆ ಕೋಟಿಗಟ್ಟಲೆ ಜನರ ದೇಶಗಳ ಮುಂದೆ ಐದು ಲಕ್ಷ ಚಿಲ್ಲರೆ ಜನರ ಮಾಲ್ಟಾ ಲೆಕ್ಕಕ್ಕೇ ಬರುವುದಿಲ್ಲ. ಈ ಮೌನದ ಹೊತ್ತಿನಲ್ಲಿ ಮಾತ್ರ ಚಿಕ್ಕ ದೇಶದ ಒಂದು ಮಾತೂ ಕಾಗದವನ್ನು ತಡೆಯುತ್ತದೆ.

ಇವತ್ತಿನ ಕರಡು ಲಂಪೂಕಿ ಮೀನಿನ ಹಂಗಾಮನ್ನು ಆಗಸ್ಟಿನಿಂದ ಅಕ್ಟೋಬರಿಗೆ ದೂಡುತ್ತಿತ್ತು. ಆ ಮೀನು ಕಡಲಲ್ಲಿ ಬಿಟ್ಟ ತಾಳೆಗರಿಯ ತೆಪ್ಪಗಳ ನೆರಳಿಗೆ ಕೂಡುತ್ತದೆ. ಅಕ್ಟೋಬರಿನ ಗಾಳಿಗೆ ತೆಪ್ಪ ನಿಲ್ಲುವುದಿಲ್ಲವೆಂದು ಬೆಸ್ತನ ಮಗಳಾದ ಪಾವ್ಲಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೇಲಧಿಕಾರಿ ಸ್ಪಿಟೇರಿ ಒಳಗೆ ಬಂದು ಬಾಗಿಲು ಹಾಕಿಕೊಂಡರು. "ಹೆನ್ರಿಕ್ ಫೋನ್ ಮಾಡಿದ್ದ." ಹೆನ್ರಿಕ್ ಕರಡು ಬರೆಸಿದ ದೊಡ್ಡ ದೇಶದವನು. "ನಿಮ್ಮ ಮಾಲ್ಟಾ ಬಂದರಿನ ಕಡತಕ್ಕೆ ಮುಂದಿನ ತಿಂಗಳು ನಮ್ಮ ಒಪ್ಪಿಗೆ ಬೇಕಲ್ಲ, ಸುಮ್ನೆ ನೆನಪು ಮಾಡ್ದೆ ಅಂದ."

"ಸೈಪ್ರಸ್‌ನವರು ಜೊತೆಗಿರ್ತೀವಿ ಅಂದಿದ್ರಲ್ಲ ಸರ್?"

"ನಿನ್ನೆ ಅಂದಿದ್ರು. ಇವತ್ತು ಫೋನೇ ಎತ್ತಲ್ಲ."

"ಮಂತ್ರಿಗಳು?"

"ವಿಮಾನದಲ್ಲಿದ್ದಾರೆ. ನಿಮಗೆ ಸರಿ ಕಂಡಂಗೆ ಮಾಡಿ ಅಂದು ಹತ್ತಿದ್ರು. ಅಂದ್ರೆ ಎಡವಟ್ಟಾದ್ರೆ ನನ್ನ ತಲೆಗೆ." ಗಡಿಯಾರ ನೋಡಿದರು. ಹನ್ನೊಂದು ಐವತ್ತೆರಡು. "ನಿಮ್ಮಪ್ಪನ ದೋಣಿಗೋಸ್ಕರ ಬರೆದೆ ಅಂತ ಆಡ್ಕೊಳ್ತಾರೆ ಪಾವ್ಲಾ."

"ಆಡ್ಕೊಳ್ಳಲಿ ಸರ್. ಬಲೆಯ ಕಣ್ಣು ಎಷ್ಟಗಲ ಇರಬೇಕು ಅನ್ನೋ ಕಾಗದ ಬಂದಾಗ ನಾನು ಸುಮ್ನಿದ್ದೆನಲ್ಲ, ಆಗ ಯಾರೂ ಏನೂ ಅನ್ಲಿಲ್ಲ."

ಆರು ವರ್ಷದ ಹಿಂದಿನ ಮಾತು. ಆಗ ಹೊಸಬಳು, ತಾನೊಬ್ಬಳೇ ಅಡ್ಡ ಬಂದರೆ ಚೆನ್ನಾಗಿರದೆಂದು ಗಂಟೆ ದಾಟಲು ಬಿಟ್ಟಿದ್ದಳು. ಆ ಚಳಿಗಾಲ ಊರಲ್ಲಿ ಪಕ್ಕದ ಮನೆಯ ಸಾಲ್ವು ಹೊಸ ಬಲೆ ಕೊಳ್ಳಲಾಗದೆ ದೋಣಿ ಮಾರಿ ಹೋಟೆಲಿನ ಕಾವಲಿಗೆ ಸೇರಿದ. ಊರಿಗೆ ಹೋದಾಗಲೆಲ್ಲ ಅವನೇ ಮೊದಲು ನಗುತ್ತಾನೆ. ಅವಳಿಗೆ ಅದೇ ತಡೆಯಲಾಗುವುದಿಲ್ಲ.

ಸ್ಪಿಟೇರಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಐವತ್ತಾರು.

"ಕೆಳಗೆ ನಿನ್ನ ಹೆಸರು ತೆಗಿ. ನಂದು ಹಾಕು. ಕಳಿಸು."

ಹನ್ನೆರಡು ದಾಟಿ ನಾಲ್ಕು ನಿಮಿಷಕ್ಕೆ ಫೋನ್ ಬಂತು. ಹೆನ್ರಿಕ್‌ನ ದನಿ ಅವಳ ಕುರ್ಚಿಗೂ ಕೇಳಿಸಿತು. "ಇಪ್ಪತ್ತಾರು ದೇಶ ಸುಮ್ನಿತ್ತು ಸ್ಪಿಟೇರಿ, ನೀವೊಬ್ರೇ."

"ಅದಕ್ಕೇ ಕೇಳಿಸ್ತು," ಎಂದು ಸ್ಪಿಟೇರಿ ಫೋನಿಟ್ಟರು.

ಕರಡು ಶುಕ್ರವಾರ ಮತ್ತೆ ಚರ್ಚೆಗೆ ಬರಲಿತ್ತು. ಬಂದರಿನ ಕಡತದ ಗತಿ ಯಾರಿಗೂ ಗೊತ್ತಿರಲಿಲ್ಲ. ಪಾವ್ಲಾ ಅಪ್ಪನಿಗೆ ಏನೂ ತಿಳಿಸಲಿಲ್ಲ. ಶುಕ್ರವಾರಕ್ಕೆ ಜೊತೆ ಬೇಕೆಂದು ಸೈಪ್ರಸ್‌ನವರ ನಂಬರು ಒತ್ತಿದಳು. ಈ ಸಲ ಎತ್ತಿದರು.