ಅತ್ತೆಯ ಹೆಸರಿನವಳು ಹನಿಮೂನಿಗೆ ಹೋದದ್ದು

ನನ್ನ ಹನಿಮೂನು ಗಂಡನ ಊರು ಬಳಗಾನೂರಿನಿಂದ ಹೊಳೆದಂಡೆಯ ಮುಕ್ಕುಂದದವರೆಗೆ ನಡೆಯಿತು. ಬೆಳಗಿನ ತಿಂಡಿ ಮುಗಿಸಿ ಬೈಕಿನಲ್ಲಿ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿದ್ದೆವು. ಈಗ ಇದನ್ನು ಹೇಳಿದರೆ ಗೆಳತಿಯರು ನಗುತ್ತಾರೆ, ನಾನೂ ನಗುತ್ತೇನೆ. ಅವತ್ತು ಮಾತ್ರ ನನಗೆ ನಗು ಬಂದಿರಲಿಲ್ಲ.

ಮೊದಲು ಗೋಕರ್ಣಕ್ಕೆ ಎಂದಾಗಿತ್ತು. ಮಸ್ಕಿಯ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬೀಳುವ ಮೊದಲೇ ನನ್ನ ಗಂಡನ ಗೆಳೆಯರು ಬೀಚು, ಬೀಚು ಎಂದು ಅವರನ್ನು ಕಾಡುತ್ತಿದ್ದರು. ನಾನು ಸಂತೆಕಲ್ಲೂರಿನ ಹುಡುಗಿ. ನಮ್ಮ ಕಡೆ ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿರುವುದೆಂದರೆ ಜೋಳ, ತೊಗರಿ, ಬಿಸಿಲು. ಸಮುದ್ರ ನೋಡುವ ಆಸೆ ನನಗೆ ಗಂಡನನ್ನು ನೋಡುವ ಆಸೆಗಿಂತ ಒಂದು ಕೈ ಹೆಚ್ಚೇ ಇತ್ತು. ಆದರೆ ಮದುವೆಯ ಚಪ್ಪರ ಬಿಚ್ಚುವಷ್ಟರಲ್ಲಿ ಮೋಡ ಕಟ್ಟಿತು. ಬೇಸಿಗೆ ಭತ್ತ ಕೊಯ್ದು ಕಣದಲ್ಲಿ ರಾಶಿ ಹಾಕಿದ್ದರು. ಮಾವನವರು ತಲೆಯೆತ್ತಿ ನೋಡಿ, "ಈಗ ಎಲ್ಲಿಗೂ ಹೋಗಾದು ಬ್ಯಾಡ. ನೆಲ್ಲು ತೊಯ್ದ್ರ ಇಲ್ಲೇ ಸಮುದ್ರ ಆಗ್ತೈತಿ" ಎಂದರು. ಅಲ್ಲಿಗೆ ಗೋಕರ್ಣ ಮುಗಿಯಿತು.

ನಾನೇನೂ ಅಳಲಿಲ್ಲ. ನನಗೆ ಬೇರೆಯದೇ ಸಂಕಟವಿತ್ತು. ಮದುವೆಯ ದಿನ ನನ್ನ ಹೆಸರು ತೆಗೆದುಬಿಟ್ಟಿದ್ದರು.

ನಮ್ಮಲ್ಲಿ ಇದು ಹೊಸ ಸಂಗತಿಯಲ್ಲ. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆಗಿದ್ದರೆ ಸೊಸೆಯದು ಬದಲಾಗಬೇಕು. ಹೆಂಡತಿಯನ್ನು ಕರೆಯಬೇಕು, ಒಮ್ಮೊಮ್ಮೆ ಬೈಯಬೇಕು. ತಾಯಿಯ ಹೆಸರು ಹಿಡಿದು ಅದೆಲ್ಲ ಮಾಡಲು ಮಗನಿಗೆ ಆಗುತ್ತದೆಯೇ? ಮದುವೆ ಮಾಡಿಸಿದ ಅಯ್ಯನವರು ತಟ್ಟೆಯಲ್ಲಿ ಅಕ್ಕಿ ಹರಡಿಸಿ, ನನ್ನ ಗಂಡನ ಬೆರಳಿನಿಂದ ಹೊಸ ಹೆಸರು ಬರೆಸಿದರು. ಸುತ್ತ ನಿಂತ ಹೆಂಗಸರು ಆ ಹೆಸರನ್ನು ಒಟ್ಟಿಗೆ ಕೂಗಿದರು. ಯಾರೋ ಬಂದರೆಂದು ನಾನು ಹಿಂದೆ ತಿರುಗಿ ನೋಡಿದೆ. ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಮರುದಿನ ಅದೇ ಅಕ್ಕಿಯಲ್ಲಿ ಪಾಯಸ ಮಾಡಿದರು. ನನ್ನ ಹೊಸ ಹೆಸರನ್ನು ಬೀಗರೆಲ್ಲ ಚಪ್ಪರಿಸಿ ಉಂಡರು. ನನ್ನ ಗಂಟಲಲ್ಲಿ ಮಾತ್ರ ಅದು ಇಳಿಯಲಿಲ್ಲ.

ಹಳೆಯ ಹೆಸರೇನು ಮಹಾ ಚೆಂದದ್ದಾಗಿರಲಿಲ್ಲ. ಲಿಂಗಸುಗೂರಿನ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಅದನ್ನು ಕೇಳಿ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗುತ್ತಿದ್ದರು. ಅಜ್ಜಿಯರ ಕಾಲದ ಹೆಸರು. ಆಗ ನನಗೂ ಅದರ ಮೇಲೆ ಸಿಟ್ಟಿತ್ತು. ಕಿತ್ತುಕೊಂಡ ಮೇಲೆ ಅದರಷ್ಟು ಚೆಂದದ ಹೆಸರು ಲೋಕದಲ್ಲಿಲ್ಲ ಅನ್ನಿಸಿತು. ಹೊಸ ಮನೆಯಲ್ಲಿ ಎಲ್ಲರೂ ನನ್ನೊಡನೆ ಚೆನ್ನಾಗಿಯೇ ಇದ್ದರು. ಉಂಡೆಯಾ, ಮಲಗಿದೆಯಾ ಎಂದು ಕೇಳುತ್ತಿದ್ದರು. ಆದರೆ ಅವರು ಕೇಳುತ್ತಿದ್ದುದು ಬೇರೆ ಯಾರನ್ನೋ, ಅವಳ ಬದಲು ನಾನು ಹೂಂ ಅನ್ನುತ್ತಿದ್ದೇನೆ ಎಂದು ನನಗನಿಸುತ್ತಿತ್ತು. ಎಲ್ಲಕ್ಕಿಂತ ನೋವಾದದ್ದು ಅವ್ವನ ಫೋನು ಬಂದ ದಿನ. ಅವಳೂ ಹೊಸ ಹೆಸರು ಹಿಡಿದೇ ಕರೆದಳು. "ನೀನೂ ಹಂಗ ಕರೀತಿ ಏನಬೇ?" ಎಂದರೆ, "ರೂಢಿ ಆಗ್ಲಿ ಬಿಡಬೇ. ನಾನಽ ತಪ್ಪಿದ್ರ ಅವರೇನಂದಾರು?" ಎಂದಳು. ಫೋನು ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇನ್ನು ಉಳಿದವರೆಂದರೆ ಗಂಡ. ಅವರಿಗೆ ಸಿಂಧನೂರಿನಲ್ಲಿ ಬೀಜ, ಗೊಬ್ಬರದ ದುಕಾನು. ಒಳ್ಳೆಯವರು, ಮಾತು ಕಡಿಮೆ. ಆದರೆ ಹೊಸ ಹೆಸರಿನಿಂದ ಕರೆಯುವ ಕೆಲಸವನ್ನು ಹೊಸ ಬೈಕಿನ ಹಾರ್ನು ಒತ್ತುವವರ ಹಾಗೆ ಬೇಕಾದಾಗ, ಬೇಡವಾದಾಗ ಮಾಡುತ್ತಿದ್ದರು. ಮನೆ ತುಂಬ ನೆಂಟರು. ಇಬ್ಬರೇ ಕೂತು ಮಾತಾಡಲು ಜಾಗವಿರಲಿಲ್ಲ. ಎಲ್ಲಾದರೂ ಯಾರೂ ಇಲ್ಲದ ಕಡೆ ಸಿಕ್ಕರೆ ಒಂದೇ ಮಾತು ಕೇಳಬೇಕು, ಒಂದೇ ಒಂದು ಸಲ ನನ್ನ ಹೆಸರಿನಿಂದ ಕರೆಸಿಕೊಳ್ಳಬೇಕು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಅಷ್ಟಾದರೆ ಈ ಮನೆಯಲ್ಲಿ ಹೇಗೋ ಬಾಳಿಯೇನು ಅನ್ನಿಸಿತ್ತು.

ಮೋಡ ಚದುರಿ, ಭತ್ತ ಚೀಲ ಸೇರಿದ ಮೇಲೆ ಅವರು, "ಮುಕ್ಕುಂದಕ್ಕರ ಹೋಗಿ ಬರಾಮು. ಅಲ್ಲಿನೂ ಮರಳು ಐತಿ, ನೀರು ಐತಿ" ಎಂದರು. ಅತ್ತೆ ಬುತ್ತಿ ಕಟ್ಟಿದರು: ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರನ್ನ. ಜೊತೆಗೆ ಒಂದು ಪೊಟ್ಟಣದಲ್ಲಿ ಅರಿಷಿಣ, ಕುಂಕುಮ. "ಹೊಸ ಮದುಮಕ್ಕಳು, ಗಂಗವ್ವಗ ಹಾಕಿ ಆಮ್ಯಾಲ ನೀರಿಗೆ ಇಳೀರಿ" ಎಂದರು.

ಸಿಂಧನೂರಿನಲ್ಲಿ ಬೈಕು ನಿಲ್ಲಿಸಿ ನನ್ನ ಗಂಡ ನನಗೊಂದು ಅಗಲವಾದ ಹುಲ್ಲಿನ ಟೊಪ್ಪಿಗೆ ಕೊಡಿಸಿದರು. ಬೀಚಿನಲ್ಲಿ ಹೆಂಗಸರು ಹಾಕಿಕೊಳ್ಳುತ್ತಾರಂತೆ. ಇಳಕಲ್ ಸೀರೆ, ಹಸಿರು ಬಳೆ, ಅದರ ಮೇಲೆ ಟೊಪ್ಪಿಗೆ. ನನ್ನನ್ನು ಗದ್ದೆಯಲ್ಲಿ ಹಕ್ಕಿ ಹೆದರಿಸಲು ನಿಲ್ಲಿಸಿದರೆ ಒಂದು ಕಾಳೂ ಹೋಗುತ್ತಿರಲಿಲ್ಲ.

ಮುಕ್ಕುಂದದಲ್ಲಿ ಬೇಸಿಗೆಯ ತುಂಗಭದ್ರೆ ತೆಳ್ಳಗಾಗಿ ಆಚೆ ದಡ ಹಿಡಿದು ಹರಿಯುತ್ತಿತ್ತು. ಈಚೆಗೆಲ್ಲ ಮರಳು. ದೂರದಲ್ಲಿ ನಾಲ್ಕಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಗಂಗವ್ವನಿಗೆ ಅರಿಷಿಣ ಕುಂಕುಮ ಹಾಕಿದೆವು. ಅವರು ಫೋನು ತೆಗೆದು ನನ್ನ ಫೋಟೊ ಹಿಡಿಯತೊಡಗಿದರು. ಆಚೆ ದಡದ ಜಾಲಿ ಕಾಣಬಾರದು, ಪಂಪುಸೆಟ್ಟಿನ ಪೈಪು ಕಾಣಬಾರದು, ಒಗೆಯುವವರು ಕಾಣಬಾರದು. "ಸ್ವಲ್ಪ ಕೆಳಗ ಕೂಡು. ಈಗ ನೋಡು, ಖರೇ ಸಮುದ್ರದಂಗ ಬಂತು!" ಎಂದು ಖುಷಿಪಟ್ಟರು. ಆ ಖುಷಿಯ ಹೊತ್ತು ನೋಡಿಯೇ ನಾನು ಬಾಯಿ ಬಿಟ್ಟೆ.

"ರೀ, ಒಂದು ಕೇಳ್ತೀನಿ, ಇಲ್ಲ ಅನಬಾರದು. ಒಮ್ಮೆ ನನ್ನ ಹಳೇ ಹೆಸರಿಲೆ ಕರೀರಿ."

ಅವರ ಮುಖ ಸಣ್ಣದಾಯಿತು. "ಅದು ಹೆಂಗ ಆಗ್ತೈತಿ? ಅದು ನಮ್ಮವ್ವನ ಹೆಸರು."

"ಇಲ್ಲಿ ನಿಮ್ಮವ್ವ ಎಲ್ಲಿ ಅದಾರ್ರಿ?"

"ಇರಲಿಕ್ಕಿಲ್ಲ. ಬಾಯಿಗೆ ಬರಬೇಕಲ್ಲ! ಹುಟ್ಟಿದಾಗಿಂದ ಒಮ್ಮೆನೂ ಅಂದಿಲ್ಲ ನಾ." ಫೋನಿಗೆ ಅಂಟಿದ ಮರಳು ಒರೆಸುತ್ತ, "ಹೊಸಾ ಹೆಸರು ಛಲೋ ಐತಲ್ಲ, ಅದಕ್ಕೇನಾಗೈತಿ?" ಎಂದರು. ಅಷ್ಟರಲ್ಲಿ ದುಕಾನಿನಿಂದ ಫೋನು ಬಂತು. ಯಾರಿಗೋ ಯಾವ ಚೀಲ ಕೊಡಬೇಕೆಂದು ಹೇಳುತ್ತ, ಸಿಗ್ನಲ್ ಹುಡುಕಿಕೊಂಡು ದಡ ಹತ್ತಿ ಹೋದರು.

ನನಗೆ ತಲೆಗೇರಿತು. ಟೊಪ್ಪಿಗೆ ತೆಗೆದು ಬುತ್ತಿಯ ಮೇಲೆ ಒಗೆದು, ಸೀರೆ ಎತ್ತಿ ಹಿಡಿದು ನೀರಿಗೆ ಇಳಿದೆ. ಮೊದಲು ಪಾದ ಮುಳುಗಿತು, ಆಮೇಲೆ ಮೀನಖಂಡ. ಬಿಸಿಲಿಗೆ ನೀರು ಬೆಚ್ಚಗಿತ್ತು. ಹಿಂದೆ ಗಂಡ, ಮುಂದೆ ಹೊಳೆ, ಕೈತುಂಬ ಬಳೆ, ಎಲ್ಲ ಇದ್ದೂ ಇಷ್ಟು ಒಂಟಿಯಾಗಿ ನಾನೆಂದೂ ಇದ್ದಿರಲಿಲ್ಲ. ಸಂತೆಕಲ್ಲೂರಿನಲ್ಲಿ ಹುಟ್ಟಿ ಬೆಳೆದವಳು ಎಲ್ಲೋ ಕಳೆದುಹೋಗಿದ್ದಾಳೆ, ಅವಳನ್ನು ಹುಡುಕಬೇಕೆಂದು ಯಾರಿಗೂ ಅನ್ನಿಸಿಲ್ಲ ಎಂದುಕೊಳ್ಳುತ್ತ ಹೆಜ್ಜೆ ಹಾಕುತ್ತಿದ್ದೆ.

ಹಿಂದಿನಿಂದ ಒಬ್ಬ ಗಂಡಸು ಯಾವಳನ್ನೋ ಕೂಗುವುದು ಕೇಳಿಸಿತು. ಗಾಳಿಗೆ ಮಾತು ಚೂರುಚೂರಾಗಿ ಬರುತ್ತಿತ್ತು. ಅದೇ ಹೆಸರು ಮತ್ತೆ ಮತ್ತೆ. ಬಟ್ಟೆ ಒಗೆಯುವವರಲ್ಲಿ ಒಬ್ಬಳಿರಬೇಕು ಎಂದುಕೊಂಡೆ. ಅಷ್ಟು ಕೂಗಿದರೂ ತಿರುಗಿ ನೋಡುತ್ತಿಲ್ಲವಲ್ಲ, ಎಂಥ ಸೊಕ್ಕಿನವಳು ಎಂದು ಅವಳನ್ನು ಮನಸ್ಸಿನಲ್ಲೇ ಬೈದೆ ಕೂಡ. ಬೈಯುತ್ತಲೇ ಇನ್ನೊಂದು ಹೆಜ್ಜೆ ಇಟ್ಟೆ.

ಆಗ ನನ್ನ ಹೆಸರು ಕೇಳಿಸಿತು.

ಅರ್ಧವಲ್ಲ, ಪೂರ್ತಿ ಹೆಸರು. ಗಂಟಲು ಹರಿಯುವಂತೆ ಕೂಗಿದ ಹೆಸರು. ನನ್ನ ಕಾಲು ಅಲ್ಲೇ ನಿಂತಿತು. ತಿರುಗಿದರೆ ನನ್ನ ಗಂಡ ಚಪ್ಪಲಿ ಬಿಟ್ಟು, ಫೋನು ಬಿಟ್ಟು ಮರಳಿನಲ್ಲಿ ಬೀಳುತ್ತ ಏಳುತ್ತ ಓಡಿ ಬರುತ್ತಿದ್ದಾರೆ. ಆ ಸೊಕ್ಕಿನವಳು ನಾನೇ, ಹೊಸ ಹೆಸರಿನವಳು. "ನಿಂದ್ರು! ಮುಂದ ಕಾಲಿಡಬ್ಯಾಡ!" ಆಗಲೇ ನನ್ನ ಹೆಬ್ಬೆರಳಿನ ಕೆಳಗಿನ ಮರಳು ಮೆಲ್ಲಗೆ ಜಾರುತ್ತಿರುವುದು ಗೊತ್ತಾದದ್ದು. ಮರಳು ಎತ್ತುವವರು ತೋಡಿ ಬಿಟ್ಟ ಗುಂಡಿ. ಮೇಲೆ ತಿಳಿಯಾದ ನೀರು, ಕೆಳಗೆ ಎರಡಾಳು ಆಳ. ಹೊಳೆದಂಡೆಯವರಿಗೆ ಇದು ಗೊತ್ತು. ಒಣಭೂಮಿಯವಳಿಗೆ ಯಾರು ಹೇಳಬೇಕು? ಅವರು ಬಂದು ನನ್ನ ಮುಂಗೈ ಹಿಡಿದು ಹಿಂದಕ್ಕೆ ಎಳೆದರು. ಬಳೆ ಎರಡು ಒಡೆದವು. ಒಣ ಮರಳು ಮುಟ್ಟುವವರೆಗೂ ಮುಂಗೈ ಬಿಡಲಿಲ್ಲ. ನನಗೋ, ಹೇಳಿದರೆ ಯಾರೂ ನಂಬುವುದಿಲ್ಲ, ಒಳಗೊಳಗೇ ಹಾಡುವಷ್ಟು ಖುಷಿ.

ಬುತ್ತಿ ಬಿಚ್ಚಿ ಉಂಡೆವು. ಕೈ ತೊಳೆಯುವಾಗ ಅವರು ನನ್ನ ಮುಖ ನೋಡದೆ, "ಮನ್ಯಾಗ ಹೇಳಬ್ಯಾಡ" ಎಂದರು.

"ಗುಂಡಿದಾ?"

"ಹೆಸರಿಂದು."

ಗುಂಡಿಗಿಂತ ಅದೇ ಅವರಿಗೆ ದೊಡ್ಡ ಅಪಾಯವಾಗಿ ಕಂಡಿತ್ತು. ನನ್ನ ಖುಷಿ ಅಲ್ಲೇ ಇಳಿದುಹೋಯಿತು. ವಾಪಸು ಬರುವಾಗ ಸಿಂಧನೂರಿನಲ್ಲಿ ಬೈಕು ನಿಧಾನ ಮಾಡಿ, ಹೊಸ ಹೆಸರು ಹಿಡಿದು ಕರೆದು, ಐಸ್‌ಕ್ರೀಂ ತಿನ್ನುತ್ತೀಯಾ ಎಂದು ಕೇಳಿದರು. ಅವರು ಮರುಸಲ ಕೇಳಿದ ಮೇಲೆ ಬ್ಯಾಡ ಎಂದೆ. ಉಳಿದ ದಾರಿಯುದ್ದಕ್ಕೂ ಅವರ ಬೆನ್ನು ನೋಡುತ್ತ ಕೂತೆ.

ಮನೆಗೆ ಬಂದಾಗ ಅತ್ತೆ ಒಬ್ಬರೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹಿಟ್ಟು ನಾದಿಕೊಡತೊಡಗಿದೆ. "ಬಳಿ ಯಾಕ ಒಡದಾವ?" ಎಂದು ಕೇಳಿದರು. ಸಿಟ್ಟು ಇನ್ನೂ ಆರಿರಲಿಲ್ಲ. ಹೇಳಬೇಡ ಎಂದದ್ದಕ್ಕೇ ಹೇಳಿಬಿಟ್ಟೆ. ಗುಂಡಿ, ಕೂಗು, ಎಲ್ಲ. "ನಿಮ್ಮ ಹೆಸರು ಹಿಡದು ಕರದ್ರು ರೀ ನನ್ನ" ಎಂದೆ. ಬೈಯಲಿ, ನೋಡೇಬಿಡುವ ಎಂದು ಕಾದೆ.

ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತಿತು. ಗುಂಡಿಯ ಬಗ್ಗೆ ಅವರು ಕೇಳಲಿಲ್ಲ.

"ಪೂರಾ ಅಂದ್ನಾ?"

"ಪೂರಾ ಅಂದ್ರು ರೀ."

"ಜೋರ್ಲೆ?"

"ಹೊಳಿ ಆಚಿಗೆ ಕೇಳುವಂಗ."

ಅವರು ರೊಟ್ಟಿಯನ್ನು ಹಂಚಿಗೆ ಹಾಕಿದರು. ನೀರು ಸವರಿದರು. "ನಮ್ಮಪ್ಪ ನನ್ನ ಹೆಸರು ಹಂಗ ಅಂತಿದ್ದ" ಎಂದರು. "ಅವ ಹ್ವಾದಮ್ಯಾಲ ಯಾರೂ ಅಂದಿಲ್ಲ."

ನಾನು ಲೆಕ್ಕ ಹಾಕಿ ನೋಡಿದೆ. ಮಾವನವರು ಅವರನ್ನು 'ಏ, ಕೇಳಿದೇನ' ಎನ್ನುತ್ತಾರೆ. ಮಕ್ಕಳಿಗೆ ಅವ್ವ. ಓಣಿಯವರಿಗೆ ದೊಡ್ಡಮನಿ ಅಕ್ಕ. ಆ ಹೆಸರನ್ನು ನನ್ನಿಂದ ಕಿತ್ತು ಯಾರಿಗಾಗಿ ಕಾಯ್ದಿಟ್ಟಿದ್ದಾರೆಂದು ನಾನು ಹೊಟ್ಟೆ ಉರಿದುಕೊಂಡಿದ್ದೆನೋ, ಅವರಿಗೂ ಅದು ಸಿಕ್ಕಿರಲಿಲ್ಲ.

ಅತ್ತೆ ಬಾಗಿಲ ಕಡೆಗೊಮ್ಮೆ ನೋಡಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. "ಒಮ್ಮೆ ಅನ್ನು" ಎಂದರು, ದನಿ ತಗ್ಗಿಸಿ. "ನಿನ್ನ ಹೆಸರಽ ಅಂತ ತಿಳಕೊಂಡು ಅನ್ನು, ಪಾಪ ಬರಾದಿಲ್ಲ."

ಸೊಸೆಯಾದವಳು ಅತ್ತೆಯ ಹೆಸರು ಎತ್ತುವುದುಂಟೇ? ಆದರೂ ಅಂದೆ. ಅರ್ಧವಲ್ಲ, ಪೂರ್ತಿ.

"ಓ" ಎಂದರು ಅತ್ತೆ, ಹಂಚಿನ ಮೇಲಿಂದ ಕಣ್ಣೆತ್ತದೆ. ಎಷ್ಟು ಬೇಗ ಓಗೊಟ್ಟರೆಂದರೆ, ಅದೇ ಹೆಸರಿಗೆ ನಾನು ಅನ್ನಬೇಕಿದ್ದ ಓ ನನ್ನ ಬಾಯಲ್ಲೇ ಉಳಿಯಿತು.